ಕರಡಿಗೆ ಕೇಳಿಸಬೇಕಾದ ಹಾಡು

ನಮ್ಮ ಬಚ್ಚಲುಮನೆಯ ಕಿಟಕಿಗೆ ಚಿಲಕವಿಲ್ಲ. ಗಾಳಿಗೆ ಕದ ಬಡಿದುಕೊಳ್ಳದಿರಲೆಂದು ಅದರ ಸಂದಿಗೆ ಕಪ್ಪು ಬಣ್ಣದ, ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆಯನ್ನು ಸಿಕ್ಕಿಸಿದ್ದೇವೆ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಕೈ ತೊಳೆದುಕೊಂಡು ಹೊರಗೆ ಬಂದವರೇ, "ಒಳಗೆ ಕಿಟಕೀಲಿ ಇರೋದು ಕ್ಯಾಮೆರಾನಾ?" ಎಂದು ಗಾಬರಿಯಿಂದ ಕೇಳಿದರು.

"ಅಲ್ಲ, ಹಾಡುವ ಪೆಟ್ಟಿಗೆ" ಅಂದೆ.

"ಹಾಡುತ್ತಾ?"

"ಇಲ್ಲ."

"ಕೆಟ್ಟಿದೆಯಾ?"

"ಕೆಟ್ಟೂ ಇಲ್ಲ."

ಅಡುಗೆಮನೆಯಲ್ಲಿ ನನ್ನ ಹೆಂಡತಿ ಗಿರಿಜೆ ನಕ್ಕಿದ್ದು ಕೇಳಿಸಿತು. ಕೆಡದೆಯೂ ಹಾಡದ ಪೆಟ್ಟಿಗೆಯ ಕಥೆಯನ್ನು ಹೇಳಬೇಕೆನ್ನುವಷ್ಟರಲ್ಲಿ ಅವರ ಬಸ್ಸಿಗೆ ಹೊತ್ತಾಯಿತು. ನಿಮಗೆ ಬಸ್ಸು ಹಿಡಿಯುವ ಅವಸರವಿಲ್ಲವೆಂದು ನಂಬಿ ನಿಮಗೆ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮ ಕಡೆ ದಾರಿಯಲ್ಲಿ ಹಾಡು ಹಾಕಿಕೊಂಡು ಹೋಗುವುದು ಮನುಷ್ಯರು ಕೇಳಲೆಂದಲ್ಲ. ಕರಡಿ ಕೇಳಲೆಂದು.

ನಮ್ಮ ಹಟ್ಟಿಯಿಂದ ಊಟಿಗೆ ಹೋಗುವ ರಸ್ತೆಗೆ ಒಂದೂಕಾಲು ಕಿಲೋಮೀಟರು. ಅಳೆದಿದ್ದೇನೆ. ಮೊದಲ ಅರ್ಧ ನಮ್ಮನಮ್ಮವರದೇ ಚಹಾ ತೋಟಗಳ ನಡುವಿನ ಕಾಲುದಾರಿ. ಆಮೇಲೆ ಒಂದು ತೊರೆ, ಅದರ ಎರಡೂ ಕಡೆ ಶೋಲೆ ಕಾಡು. ಕೊನೆಗೆ ಕರ್ಪೂರ ಮರಗಳ ಏರು. ನೀವು ಅದನ್ನು ನೀಲಗಿರಿ ಮರ ಅನ್ನುತ್ತೀರಿ. ನೀಲಗಿರಿಯಲ್ಲೇ ಇರುವ ನಾವು ಕರ್ಪೂರ ಮರ ಅನ್ನುತ್ತೇವೆ. ಆ ತೊರೆಯ ಹತ್ತಿರದ ಮುನ್ನೂರು ಹೆಜ್ಜೆ ಕರಡಿಯದು. ಮಂಜಿರುವ ದಿನ ಎಲ್ಲವೂ ಅದರದೇ.

ಕರಡಿಗೆ ಮನುಷ್ಯರ ಮೇಲೆ ವಿಶೇಷ ದ್ವೇಷವೇನಿಲ್ಲ. ಅದಕ್ಕೆ ಆಗದಿರುವುದು ಒಂದೇ, ಯಾರಾದರೂ ಸದ್ದಿಲ್ಲದೆ ಎದುರಿಗೆ ಬಂದು ನಿಲ್ಲುವುದು. ನನಗೂ ಅದು ಆಗುವುದಿಲ್ಲವಾದ್ದರಿಂದ ನಾನು ಅದನ್ನು ತಪ್ಪೆನ್ನಲಾರೆ. ಆದ್ದರಿಂದ ಹಟ್ಟಿಯಲ್ಲಿ ಹಿಂದಿನಿಂದಲೂ ಒಂದು ನಿಯಮ: ದಾರಿಯಲ್ಲಿ ಸದ್ದು ಮಾಡುತ್ತ ಹೋಗಬೇಕು. ಪ್ರತಿಯೊಬ್ಬರದೂ ಒಂದೊಂದು ಸದ್ದು. ನಮ್ಮಪ್ಪ ಕೆಮ್ಮುತ್ತಿದ್ದರು. ಕೆಮ್ಮಿಲ್ಲದ ದಿನವೂ ಕೆಮ್ಮುತ್ತಿದ್ದರು. ಪಕ್ಕದ ಮನೆಯ ಜೋಗಿ ಮಾಮ ಆಗ ಇನ್ನೂ ಹುಡುಗ, ಇಲ್ಲಿಂದ ಊಟಿಯವರೆಗಿನ ಬಸ್ ನಿಲ್ದಾಣಗಳನ್ನು ಕಂಡಕ್ಟರಿನ ಹಾಗೆ ಒಂದೊಂದಾಗಿ ಕೂಗುತ್ತಿದ್ದ. ನನ್ನ ಅವ್ವೆ ಮನೆಯ ದೇವರೊಂದಿಗೆ ಜಗಳವಾಡುತ್ತ ಹೋಗುತ್ತಿದ್ದಳು. ನಾನು ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿ ಓದುತ್ತಿದ್ದವನು, ರಜಕ್ಕೆ ಬಂದಾಗ ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದೆ. ಹತ್ತೊಂಬತ್ತರ ಮಗ್ಗಿ ತಪ್ಪಿಲ್ಲದೆ ಬರುವ ಕರಡಿ ಈ ಬೆಟ್ಟಗಳಲ್ಲಿ ಒಂದಾದರೂ ಇದ್ದಿರಬೇಕು. ಮಂಜಿನಲ್ಲಿ ಮುಖ ಕಾಣದಿದ್ದರೂ ಬರುತ್ತಿರುವುದು ಯಾರೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಸದ್ದಿಲ್ಲದೆ ಬಂದವರಿಗೆ ಮನೆಬಾಗಿಲಲ್ಲೇ ಬೈಗುಳ: "ಏನ, ಕಳ್ಳನಂಗೆ ಬಂದೆ?"

ಈ ಬೈಗುಳವನ್ನು ಅತಿ ಹೆಚ್ಚು ತಿಂದವಳು ಗಿರಿಜೆ.

ಗಿರಿಜೆ ಗುಂಡ್ಲುಪೇಟೆಯ ಪಕ್ಕದ ಹಳ್ಳಿಯವಳು. ನಮ್ಮದು ಲಿಂಗ ಕಟ್ಟುವ ಮನೆ, ಅವರದೂ ಅದೇ, ಹಾಗಾಗಿ ಮುದುಮಲೆ ಕಾಡಿನ ಆಚೆಗೂ ಈಚೆಗೂ ಸಂಬಂಧ ಬೆಳೆದಿತ್ತು. ಮದುವೆಯಾಗಿ ಬಂದ ಮೊದಲ ವಾರ ಅವಳು ನೀರಿನ ನಲ್ಲಿಯ ಹತ್ತಿರ ಅದೇನೋ ಹೇಳಿದಳಂತೆ. ಹಟ್ಟಿಯ ಹೆಂಗಸರು ಅವಳ ಮಾತಿನ ಎಳೆತವನ್ನು ಅಣಕಿಸಿ ಬಿದ್ದುಬಿದ್ದು ನಕ್ಕರಂತೆ. ಕೆಟ್ಟ ಮನಸ್ಸಿನಿಂದಲ್ಲ, ಹೊಸ ಹೆಣ್ಣನ್ನು ನೋಡಿ ಹಾಗೆ ನಗುವುದು ರೂಢಿ. ಆದರೆ ಅವತ್ತು ತಗ್ಗಿದ ಅವಳ ದನಿ ಮತ್ತೆ ಏರಲಿಲ್ಲ. ಮನೆಯೊಳಗೂ ಅವಳು ಮಾತಾಡಿದರೆ ಒಲೆಗೆ ಮಾತ್ರ ಕೇಳಿಸುತ್ತದೆ ಎಂದು ನನ್ನ ಅವ್ವೆ ಹೇಳುತ್ತಿದ್ದಳು. ಅದು ಅವಳ ಸ್ವಭಾವವೆಂದು ನಾನು ತಿಳಿದೆ. ಸ್ವಭಾವವೆಂದು ತಿಳಿದರೆ ಗಂಡನಿಗೆ ಮಾಡುವುದಕ್ಕೇನೂ ಉಳಿಯುವುದಿಲ್ಲ, ನೋಡಿ.

ಅವಳು ರಸ್ತೆಯಾಚೆಯ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡುಗೆಯವಳು. ಎಂಟೂಕಾಲಕ್ಕೆ ಮನೆ ಬಿಡಬೇಕು. ನಾನು ಎಸ್ಟೇಟ್ ಕಚೇರಿಯಿಂದ ನಿವೃತ್ತನಾದ ಮೇಲೂ ಅವರ ಮಳೆಮಾಪಕ ನೋಡುವ ಕೆಲಸವನ್ನು ಉಳಿಸಿಕೊಂಡಿದ್ದೇನೆ. ಹಟ್ಟಿಯ ಮೇಲಿನ ಗುಡ್ಡದಲ್ಲಿ ಬೇಲಿ ಹಾಕಿದ ಚೌಕದಲ್ಲಿ ಅದು ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಹಿಂದಿನ ದಿನದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ಎಂಟೂ ಮೂವತ್ತೈದಕ್ಕೆ ಓದಿದರೆ ಅದು ಮಳೆಯಲ್ಲ, ಅಂದಾಜು. ಹಾಗಾಗಿ ಅವಳ ಜತೆ ನನಗೆ ಹೋಗಲಾಗುತ್ತಿರಲಿಲ್ಲ. ಹೋಗುತ್ತೇನೆಂದಾಗಲೂ ಅವಳು ಬೇಡವೆಂದಳು. "ನೀವು ಬಂದ್ರ ನಿಮ್ಮನ್ನೂ ನಾನೇ ಕಾಯ್ಬೇಕು, ಬ್ಯಾಡ."

ಅವಳ ಜತೆ ಹೋಗುತ್ತಿದ್ದವಳು ಮಾಸಿಯಕ್ಕ. ಅದೇ ಶಾಲೆಯ ಆಯಾ. ಮಾಸಿಯಕ್ಕ ಮನೆಯಿಂದ ಹೊರಟಾಗ ಶುರುವಾದ ಮಾತು ಶಾಲೆಯ ಗೇಟಿನವರೆಗೆ ನಿಲ್ಲುತ್ತಿರಲಿಲ್ಲ. "ನಿನ್ನ ಹೆಮ್ಮಾತಿಯ ನಾ ಕರ್ಕೊಂಡು ಹೋಗಿನೆ, ನೀ ನಿನ್ನ ಮಳೆಯ ಅಳೆ" ಎಂದು ನನ್ನನ್ನು ಗುಡ್ಡಕ್ಕೆ ಅಟ್ಟುತ್ತಿದ್ದಳು. ಗುಡ್ಡದ ಮೇಲೆ ನಿಂತರೆ ತೊರೆಯವರೆಗೂ ಮಾಸಿಯಕ್ಕ ಕೇಳಿಸುತ್ತಿದ್ದಳು. ಅವಳ ಬಾಯಿಗೆ ಹೆದರಿ ಕರಡಿಗಳು ಕೇರಳಕ್ಕೆ ಗುಳೆ ಹೋಗಿವೆಯೆಂದು ಜೋಗಿ ಮಾಮ ಹೇಳುತ್ತಿದ್ದ. ಆದರೆ ಮೊದಲು ಕೇರಳದ ಕಡೆ ಹೋದವಳು ಮಾಸಿಯಕ್ಕನೇ. ಕೆಲಸದಿಂದ ನಿವೃತ್ತಳಾಗಿ ಚೇರಂಬಾಡಿಯ ಮಗಳ ಮನೆ ಸೇರಿದಳು. ಅಲ್ಲಿಂದ ಫೋನು: "ಇಲ್ಲಿ ಕರಡಿ ಇಲ್ಲೆ, ಬರೀ ಆನೆ. ಆನೆ ನನ್ನ ಮಾತ ಕೇಳಿಕೊಂಡು ಅಲ್ಲೇ ನಿಂತ್ಕೊಳ್ಳುತ್ತೆ."

ಗಿರಿಜೆ ಒಂಟಿಯಾದಳು. ಸದ್ದು ಮಾಡುತ್ತ ಹೋಗು ಅಂದೆ. ಹೂಂ ಅಂದಳು. ಗುಡ್ಡದ ಮೇಲಿಂದ ಕಿವಿಗೊಟ್ಟರೆ ಏನೂ ಇಲ್ಲ. ಹಾಡು ಅಂದೆ. ಬರುವುದಿಲ್ಲ ಅಂದಳು. ತಟ್ಟೆ ಬಡಿ ಅಂದೆ. "ಹುಚ್ಚಿ ಅಂದಾರು" ಅಂದಳು. ಆ ದಿನಗಳ ಮಳೆಯ ಲೆಕ್ಕವನ್ನು ಯಾರೂ ನಂಬಬಾರದು. ಗಾಜಿನ ಮೇಲೆ ಕಣ್ಣಿಟ್ಟವನ ಮನಸ್ಸು ತೊರೆಯ ಹತ್ತಿರವಿತ್ತು.

ಹೀಗಿರುವಾಗ ಆ ಪೆಟ್ಟಿಗೆ ಬಂತು.

ಊಟಿಯ ಮಾರುಕಟ್ಟೆಯ ಅಂಗಡಿಯವನು ಅದನ್ನು ಅಂಗೈಯಲ್ಲಿಟ್ಟು ತೋರಿಸಿದ. ತಿಂಗಳ ಚಂದಾ ಕಟ್ಟಿದರಾಯಿತು, ಲೋಕದ ಹಾಡೆಲ್ಲ ನಿಮ್ಮದು. ಮನೆಯಲ್ಲಿ ಸಿಗ್ನಲ್ ಇರುವಾಗ ಬೇಕಾದ್ದನ್ನು ಒಳಗೆ ತುಂಬಿಸಿಕೊಳ್ಳುತ್ತದೆ, ಸಿಗ್ನಲ್ ಇಲ್ಲದ ಕಡೆಯೂ ಹಾಡುತ್ತದೆ. ಫೋನಿನಲ್ಲೇ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಗಿರಿಜೆಯದು ಗುಂಡಿ ಒತ್ತುವ ಫೋನು, ಅದರ ಹಾಡು ಕೋಳಿಗೂ ಕೇಳಿಸದು. ಈ ಪೆಟ್ಟಿಗೆಯ ದನಿಯಾದರೋ, ಅಂಗಡಿಯಲ್ಲಿ ಒಮ್ಮೆ ಹಾಕಿದ್ದಕ್ಕೆ ಎದುರಿನ ತರಕಾರಿಯವಳು ಕ್ಯಾರೆಟ್ ತೂಗುವುದನ್ನು ನಿಲ್ಲಿಸಿ ಬೈದಳು. ಆ ಬೈಗುಳ ಕೇಳಿದ ಮೇಲೆಯೇ ಕೊಂಡೆ.

ಮರುದಿನ ಗಿರಿಜೆ ಪೆಟ್ಟಿಗೆಯನ್ನು ಚೀಲದ ಪಟ್ಟಿಗೆ ಸಿಕ್ಕಿಸಿಕೊಂಡು ಹೊರಟಳು. ನಾನು ಗುಡ್ಡದ ಮೇಲೆ. ಹಾಡು ತೋಟ ದಾಟಿತು, ತೊರೆಗೆ ಇಳಿಯಿತು, ಕರ್ಪೂರ ಮರಗಳ ನಡುವೆ ಏರಿತು, ರಸ್ತೆಯಲ್ಲಿ ಲಾರಿಯ ಸದ್ದಿನೊಳಗೆ ಸೇರಿಹೋಯಿತು. ನಾನು ಗಾಜನ್ನು ಎತ್ತಿ ಹಿಡಿದು ಓದಿದೆ. ಬಹಳ ತಿಂಗಳ ಮೇಲೆ ಸರಿಯಾಗಿ ಓದಿದ್ದು ಅವತ್ತೇ.

ಒಂದು ವರ್ಷದೊಳಗೆ ಹಟ್ಟಿಯಲ್ಲಿ ಪೆಟ್ಟಿಗೆಯಿಲ್ಲದ ಮನೆ ಕಡಿಮೆಯಾಯಿತು. ಚಹಾ ಸೊಪ್ಪು ಕೀಳುವವರ ಸೊಂಟದಲ್ಲಿ, ಹಾಲಿನವನ ಸೈಕಲ್ಲಿನಲ್ಲಿ, ದೇವಸ್ಥಾನದ ಪೂಜಾರಿಯ ಹೂವಿನ ಬುಟ್ಟಿಯಲ್ಲಿ. ಜೋಗಿ ಮಾಮನ ಚಹಾ ಅಂಗಡಿಯಲ್ಲಿ ಯಾವ ಹಾಡು ಕರಡಿಗೆ ಒಗ್ಗುವುದಿಲ್ಲ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು.

"ಭಕ್ತಿ ಪಾಟು ಮಾತ್ರ ಬೇಡ ತಮ್ಮ" ಎಂದು ಜೋಗಿ ಮಾಮ ನನಗೆ ಎಚ್ಚರಿಸಿದ. "ಕರಡಿ ದೀಪದ ಎಣ್ಣೆ ಕುಡಿಯೋಕೆ ಗುಡಿಗೇ ಬರೋ ಪ್ರಾಣಿ. ಭಕ್ತಿ ಪಾಟು ಕೇಳಿದ್ರೆ, ಪೂಜೆ ಆಯ್ತು, ಎಣ್ಣೆ ಇಟ್ಟಿದಾರೆ ಅಂತ ಓಡಿ ಬರುತ್ತೆ."

"ಹಂಗಾದ್ರೆ ಪೂಜಾರಿ?"

"ಪೂಜಾರಿ ಗತಿ ದೇವರೇ ನೋಡ್ಕೋಬೇಕು."

ಪೂಜಾರಿ ಅವತ್ತಿನಿಂದ ನಮ್ಮ ಕುಣಿತದ ಹಾಡುಗಳನ್ನು ಹಾಕಿಕೊಂಡು ಗುಡಿಗೆ ಹೋಗುವುದಕ್ಕೆ ಶುರುಮಾಡಿದ.

ಒಂದು ನಷ್ಟವೂ ಆಯಿತು. ಎಲ್ಲರ ಪೆಟ್ಟಿಗೆಗೂ ಕಂಪನಿಯವರು ಒಂದೇ ಪಟ್ಟಿ ಕಳಿಸುತ್ತಿದ್ದರು, ಈ ವಾರ ಎಲ್ಲರೂ ಕೇಳುತ್ತಿರುವ ಹಾಡುಗಳೆಂದು. ಹಾಗಾಗಿ ಮಂಜಿನಲ್ಲಿ ಬರುತ್ತಿರುವುದು ಯಾರೆಂದು ತಿಳಿಯದಾಯಿತು. ಜೋಗಿ ಮಾಮ ಮಂಜಿನೊಳಗಿಂದ ಬಂದ ಹಾಡಿಗೆ ಎದ್ದು ನಿಂತು "ಬನ್ನಿ ಬನ್ನಿ" ಎಂದು ಬೀಗರನ್ನು ಉಪಚರಿಸುವ ಹಾಗೆ ಕರೆದ. ಬಂದವನು ಕರೆಂಟಿನ ಮೀಟರ್ ಓದುವವನು. ಕರೆದ ತಪ್ಪಿಗೆ ಚಹಾ ಕೊಡಬೇಕಾಯಿತು.

ಆಮೇಲೆ ಕಂಪನಿ ಪೆಟ್ಟಿಗೆಯನ್ನು ಸುಧಾರಿಸತೊಡಗಿತು. ಈ ಲೋಕದಲ್ಲಿ ಸರಿಯಾಗಿ ನಡೆಯುತ್ತಿರುವುದನ್ನು ಹಾಳು ಮಾಡುವ ಕೆಲಸಕ್ಕೆ ಯಾರು ಈ ಹೆಸರಿಟ್ಟರೋ ಕಾಣೆ. ಮೊದಲು ಪೆಟ್ಟಿಗೆ ಬೆಳಿಗ್ಗೆ ಹಾಡುವ ಮುನ್ನ ಪ್ರಶ್ನೆ ಕೇಳುವುದಕ್ಕೆ ಶುರುಮಾಡಿತು: ಇವತ್ತು ನಿಮ್ಮ ಮನಸ್ಸು ಹೇಗಿದೆ? ಉಲ್ಲಾಸ, ಪ್ರೇಮ, ವಿರಹ, ವಿಶ್ರಾಂತಿ, ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಚೀಲ ಹಿಡಿದು ಹೊಸ್ತಿಲಲ್ಲಿ ನಿಂತ ಗಿರಿಜೆ, "ಇದಕ್ಕೆ ಏನ್ ಹೇಳ್ಲಿ?" ಎಂದು ನನ್ನನ್ನು ಕೇಳುತ್ತಿದ್ದಳು. ಕರಡಿ ಎಂಬ ಗುಂಡಿ ಇರಲಿಲ್ಲ. ವಿರಹ ಒತ್ತುತ್ತಿದ್ದೆವು, ಅದರಲ್ಲಿ ನಾದಸ್ವರ ಜೋರಾಗಿತ್ತು.

ಮುಂದಿನ ಸುಧಾರಣೆ ಘೋರವಾದದ್ದು. ಒಂದು ಬೆಳಿಗ್ಗೆ ಹಾಡು ತೋಟದಲ್ಲಿ ಜೋರಾಗಿದ್ದು, ತೊರೆಗೆ ಇಳಿಯುತ್ತಿದ್ದಂತೆ ತಗ್ಗಿಹೋಯಿತು. ಮರುದಿನವೂ ಹಾಗೆಯೇ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿ, ಕನ್ನಡಕ್ಕೆ ನಾಲ್ಕು ಒತ್ತಿ, ಇಪ್ಪತ್ತೆರಡು ನಿಮಿಷ ಕೊಳಲು ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು.

"ಅದು ದೋಷ ಅಲ್ಲ ಸರ್, ಹೊಸ ಸೌಲಭ್ಯ. ಸುತ್ತಮುತ್ತ ಪ್ರಶಾಂತವಾಗಿದ್ದರೆ ಧ್ವನಿ ತಾನೇ ತಗ್ಗುತ್ತೆ. ನಿಮ್ಮ ಕಿವಿಗೆ ಹಿತವಾಗಲಿ ಅಂತ."

"ನೋಡಮ್ಮ, ಪ್ರಶಾಂತವಾಗಿರೋದೇ ನಮ್ಮ ತೊಂದರೆ. ಅಲ್ಲಿ ಕರಡಿ ಇದೆ."

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು. "ಅದು ಯಾವ ಭಾಷೆಯ ಹಾಡು ಸರ್?"

"ಹಾಡಲ್ಲ. ಕರಡಿ. ಪ್ರಾಣಿ."

"ಪ್ರಾಣಿಗಳ ಧ್ವನಿಗಳು ಮಕ್ಕಳ ವಿಭಾಗದಲ್ಲಿ ಸಿಗುತ್ತೆ ಸರ್. ಬೇರೇನಾದರೂ ಸಹಾಯ ಬೇಕಾ?"

ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕುಳಿತ ಊರಿನಲ್ಲಿ ಮೌನ ಕೊಂಡುಕೊಳ್ಳಬೇಕಾದ ವಸ್ತುವಿರಬೇಕು. ಆ ಸೌಲಭ್ಯವನ್ನು ನಂದಿಸುವ ಗುಂಡಿಯನ್ನು ನಾಲ್ಕು ದಿನ ಹುಡುಕಿ ನಾನೇ ಕಂಡುಹಿಡಿದೆ. ಆರಿಸಿದೆ. ಪ್ರತಿ ಸುಧಾರಣೆಯ ನಂತರ ಅದು ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಮತ್ತೆ ಆರಿಸುತ್ತಿದ್ದೆ.

ಕೊನೆಗೆ ಒಂದು ದಿನ ಸಂದೇಶ ಬಂತು. ಕಂಪನಿ ಮುಚ್ಚುತ್ತಿದೆ. ಇಷ್ಟು ವರ್ಷ ಜತೆಗಿದ್ದುದಕ್ಕೆ ಧನ್ಯವಾದ. ಈ ತಿಂಗಳ ಕೊನೆಯ ದಿನದವರೆಗೆ ಹಾಡು ಕೇಳಿ ಆನಂದಿಸಿ. ಒಳಗೆ ತುಂಬಿಟ್ಟ ಹಾಡುಗಳ ಗತಿಯೇನು ಎಂದು ವಿಚಾರಿಸಿದಾಗ ತಿಳಿಯಿತು: ಅವು ನಮ್ಮವಾಗಿರಲೇ ಇಲ್ಲ. ಪೆಟ್ಟಿಗೆ ಆಗಾಗ ಕಂಪನಿಯ ಅಪ್ಪಣೆ ಕೇಳುತ್ತದೆ, ಅಪ್ಪಣೆ ಸಿಕ್ಕರೆ ಹಾಡುತ್ತದೆ. ಅಪ್ಪಣೆ ಕೊಡುವವರೇ ಇಲ್ಲವಾದ ಮೇಲೆ ಸುಮ್ಮನಾಗುತ್ತದೆ. ಬೇರೆ ಹಾಡು ತುಂಬಿಸೋಣವೆಂದರೆ ಕಾರ್ಡು ಹಾಕುವ ತೂತೇ ಇಲ್ಲ.

ನಾನು ಎಚ್ಚರದ ಮನುಷ್ಯ. ಕ್ಯಾಲೆಂಡರಿನಲ್ಲಿ ತಿಂಗಳ ಕೊನೆಯ ದಿನಕ್ಕೆ ಕೆಂಪು ಸುತ್ತು ಹಾಕಿದೆ. ಆ ದಿನ ಮಧ್ಯಾಹ್ನ ಊಟಿಗೆ ಹೋಗಿ ಹಳೆಯ ಮಾದರಿಯ, ಮೆಮೊರಿ ಕಾರ್ಡ್ ಹಾಕುವ ಪೆಟ್ಟಿಗೆ ತರುವುದೆಂದು ಗೊತ್ತುಮಾಡಿದೆ. ಆದರೆ ಆ ತಿಂಗಳಿಗೆ ಮೂವತ್ತೊಂದು ದಿನ. ಪೆಟ್ಟಿಗೆ ಅಪ್ಪಣೆ ಪಡೆದದ್ದು ಒಂದನೇ ತಾರೀಕಿನ ಬೆಳಿಗ್ಗೆ, ಮೂವತ್ತು ದಿನಗಳಿಗೆ. ಎರಡು ಹನಿ ಮಳೆಯನ್ನೂ ಬಿಡದೆ ಅಳೆಯುವ ನಾನು ಈ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂವತ್ತೊಂದರ ಬೆಳಿಗ್ಗೆ ನಡೆದದ್ದನ್ನು ಕಂಡ ಹಾಗೆ ಹೇಳುತ್ತೇನೆ, ಹೆಚ್ಚು ಕಡಿಮೆ ಮಾಡುವುದಿಲ್ಲ. ಎಂಟೂ ಇಪ್ಪತ್ತೆಂಟು. ಮಂಜು ಹರಿಯುತ್ತಿತ್ತು, ಅಂದರೆ ಒಮ್ಮೆ ಕಾಣುವುದು, ಒಮ್ಮೆ ಇಲ್ಲ. ನನ್ನ ಎಡಗೈಯಲ್ಲಿ ಅಳತೆಯ ಗಾಜು. ಹಾಡು ತೋಟ ದಾಟಿ ತೊರೆಯ ಮೆಟ್ಟಿಲುಗಳ ಹತ್ತಿರ ಬಂದಿತ್ತು. ಒಂದು ಸಾಲಿನ ನಡುವೆ ನಿಂತುಹೋಯಿತು. ತಗ್ಗಿದ್ದಲ್ಲ, ನಿಂತದ್ದು. ಮಂಜು ಸರಿಯಿತು. ಗಿರಿಜೆ ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ನಿಂತು ಪೆಟ್ಟಿಗೆಯನ್ನು ಅಲುಗಾಡಿಸುತ್ತಿದ್ದಳು. ಅವಳಿಗಿಂತ ಸುಮಾರು ಹದಿನೈದು ಹೆಜ್ಜೆ ಕೆಳಗೆ, ತೊರೆಯ ಕಲ್ಲಿನ ಮೇಲೆ, ಕರಡಿ. ಅದರ ಬೆನ್ನಿನ ಮೇಲೆ ಮರಿ.

ಕೂಗಬೇಕೆಂದುಕೊಂಡೆ. ಬಾಯಿ ತೆರೆದದ್ದು ನೆನಪಿದೆ. ಐವತ್ತು ವರ್ಷ ಆ ದಾರಿಗೆ ಮಗ್ಗಿ ಒಪ್ಪಿಸಿದ ಗಂಟಲು ಒಂದು ಅಕ್ಷರವನ್ನೂ ಕೊಡಲಿಲ್ಲ. ಕರಡಿ ತಲೆಯೆತ್ತಿತು. ಗಿರಿಜೆಯೂ ತಲೆಯೆತ್ತಿದಳು. ಆಮೇಲೆ ಒಂದು ದನಿ ಕೇಳಿಸಿತು. ಯಾರದೆಂದು ನನಗೆ ಗೊತ್ತಾಗಲಿಲ್ಲ. ನನ್ನ ಹೆಂಡತಿಯ ದನಿಯ ಗುರುತು ನನಗೆ ಸಿಗಲಿಲ್ಲ ಎಂಬುದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

"ಏನ್ ಗಂಡಸಯ್ಯ ನೀನು!"

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಾನು ನೀನಾದೆ.

"ಪೆಟ್ಟಿಗ ತಂದ್ಕೊಟ್ಟಾನಂತ, ಪೆಟ್ಟಿಗ! ನಡು ನೀರಲ್ಲಿ ಕೈ ಬುಡೋ ಪೆಟ್ಟಿಗ! ಮಳ ಅಳೀತಾನಂತ ಮಳ! ಸೂರು ಸೋರ್ತಾ ಅದ, ಒಂದು ಬಕೀಟು ಮಡಗು ಅಂದ್ರ ಎಷ್ಟು ಮಿಲಿಮೀಟ್ರು ಅಂತ ಕೇಳ್ತಾನ!"

ಕರಡಿ ಕೇಳುತ್ತಿತ್ತು. ಗಿರಿಜೆ ಬೆನ್ನು ತಿರುಗಿಸಲಿಲ್ಲ, ಓಡಲಿಲ್ಲ. ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹತ್ತುತ್ತ ಮುಂದುವರಿಸಿದಳು. "ನಮ್ಮವ್ವನ ಮನಗ ಹೋಗಿ ಬರಾಮ ಅಂದ್ರ ಎಂಟೂವರ, ಎಂಟೂವರ! ನೀ ಅಳೀನಿಲ್ಲ ಅಂದ್ರ ಮಳ ಉಯ್ಯಾದ ನಿಲ್ಲಿಸ್ಬುಟ್ಟದಾ? ಅವತ್ತು ನಲ್ಲಿ ತಾವು ಅವ್ರೆಲ್ಲ ನಕ್ರು, ನೀನೂ ಅಲ್ಲೇ ನಿಂತಿದ್ದಲ್ಲ, ಒಂದು ಮಾತು ಅಂದ್ಯಾ?"

ನಾನು ಅಲ್ಲಿ ನಿಂತಿದ್ದೆ. ಮೇಲೆ 'ಹೇಳಿದಳಂತೆ, ನಕ್ಕರಂತೆ' ಎಂದು ಬರೆದಿದ್ದೇನೆ, ನೋಡಿ. ಅದು ತಪ್ಪು. ಬಿಂದಿಗೆ ಹಿಡಿದು ಅಲ್ಲೇ ನಿಂತಿದ್ದೆ. ಸ್ವಲ್ಪ ನಕ್ಕೂ ಇದ್ದೆ.

ಕರಡಿ ಮರಿಯನ್ನು ಹೊತ್ತುಕೊಂಡು ತೊರೆಯ ಎಡಕ್ಕೆ ತಿರುಗಿ ಪೊದೆಯೊಳಗೆ ಇಳಿಯಿತು. ಓಡಿಹೋಗಲಿಲ್ಲ. ಇನ್ನೊಬ್ಬರ ಮನೆಯ ಜಗಳದ ನಡುವೆ ಸಿಕ್ಕಿಕೊಂಡ ನೆಂಟರು ಮೆಲ್ಲಗೆ ಎದ್ದು ಹೋಗುತ್ತಾರಲ್ಲ, ಹಾಗೆ ಹೋಯಿತು. ತೋಟದಲ್ಲಿ ಸೊಪ್ಪು ಕೀಳುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಿಂತಿದ್ದರು. ನಲ್ಲಿಯ ಹತ್ತಿರ ನಕ್ಕವರಲ್ಲಿ ಮೂವರು ಅಲ್ಲಿದ್ದರು. ಈ ಸಲ ಯಾರೂ ಅಣಕಿಸಲಿಲ್ಲ. ನಾನು ಓಡಿ ಇಳಿದು ಅವಳ ಹತ್ತಿರ ತಲುಪಿದಾಗ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ. ಅಳತೆಯ ಗಾಜು ಎಲ್ಲೋ ಬಿದ್ದಿತ್ತು. ಆ ದಿನದ ಮಳೆ ಇವತ್ತಿಗೂ ಪುಸ್ತಕದಲ್ಲಿಲ್ಲ.

ಸಂಜೆಗೆ ಮಾಸಿಯಕ್ಕನ ಫೋನು. ಚೇರಂಬಾಡಿಗೆ ಸುದ್ದಿ ಮುಟ್ಟಿತ್ತು. ಅವಳಿಗೆ ಅಳು ಬರುವಷ್ಟು ಬೇಜಾರು. "ಅಷ್ಟು ವರ್ಷ ನನ್ನ ಪಕ್ಕದಲ್ಲಿ ನಡ್ದು ನನಗೆ ಒಂದು ಮಾತು ಹೇಳಿಲ್ಲೆ. ಈಗ ಕರಡಿಗೆ ಎಲ್ಲ ಹೇಳಿಬಿಟ್ಟಿಯ?"

"ನೀವು ಮಾತಾಡಕ ಸಂದು ಕೊಟ್ಟಿದ್ರ ತಾನೆ ಅಕ್ಕ" ಅಂದಳು ಗಿರಿಜೆ.

ಊಟಿಯಿಂದ ಹೊಸ ಪೆಟ್ಟಿಗೆ ತರುತ್ತೇನೆಂದೆ. ಬೇಡವೆಂದಳು. ಮರುದಿನ ಎಂಟೂಕಾಲಕ್ಕೆ ಚೀಲ ಹಿಡಿದು ಹೊರಟವಳು ಹಟ್ಟಿಯ ಕೊನೆಯ ಮನೆ ದಾಟುತ್ತಿದ್ದಂತೆ ನನ್ನನ್ನು ಬೈಯುವುದಕ್ಕೆ ಶುರುಮಾಡಿದಳು. ಅದರ ಮರುದಿನವೂ. ಹಟ್ಟಿಗೆಲ್ಲ ಕೇಳಿಸುತ್ತದೆ. ಮೊದಮೊದಲು ಜೋಗಿ ಮಾಮನ ಅಂಗಡಿಗೆ ಹೋಗುವುದಕ್ಕೆ ನಾಚಿಕೆಯಾಯಿತು. "ಏನ ತಮ್ಮ, ಇವತ್ತು ವಿರಹವಾ, ಉಲ್ಲಾಸವಾ?" ಎಂದು ಕೇಳುತ್ತಿದ್ದ. ಈಗ ಅಭ್ಯಾಸವಾಗಿದೆ. ಮಂಜಿನಲ್ಲಿ ಯಾರು ಹೋಗುತ್ತಿದ್ದಾರೆಂದು ಒಬ್ಬರಿಗೂ ಸಂಶಯವಿಲ್ಲ. ನಾನು ಗುಡ್ಡದ ಮೇಲೆ ನಿಂತು, ನನ್ನ ಮೇಲಿನ ಆರೋಪಗಳು ತೊರೆಗೆ ಇಳಿದು, ಏರಿ, ರಸ್ತೆ ಸೇರುವವರೆಗೆ ಕೇಳಿ, ಆಮೇಲೆ ಗಾಜನ್ನು ಎತ್ತುತ್ತೇನೆ. ಎಂಟೂ ನಲವತ್ತಾಗುತ್ತದೆ. ಆಗಲಿ.

ತೊಂದರೆ ಬಂದದ್ದು ಹೋದ ತಿಂಗಳು. ತೊರೆಯ ಹತ್ತಿರ ಅವಳ ದನಿ ಇದ್ದಕ್ಕಿದ್ದಂತೆ ನಿಂತಿತು. ನಾನು ಮತ್ತೆ ಓಡಿದೆ. ಅವಳು ಮೆಟ್ಟಿಲ ಮೇಲೆ ಗಲ್ಲಕ್ಕೆ ಬೆರಳಿಟ್ಟು ಯೋಚಿಸುತ್ತ ನಿಂತಿದ್ದಳು.

"ಏನಾಯ್ತು?"

"ಏನೂ ನೆಪ್ಪಾಗ್ನಿಲ್ಲ ಕನ್ರೀ" ಅಂದಳು. "ಎಲ್ಲ ಮುಗ್ದೋಯ್ತು ಅನ್ಸ್ತದ."

ಗಂಡನಾದವನಿಗೆ ಇದಕ್ಕಿಂತ ಒಳ್ಳೆಯ ಮಾತು ಸಿಗಲಾರದು. ಆದರೆ ಕರಡಿಯ ದಾರಿಯಲ್ಲಿ ಆ ಮಾತು ನಡೆಯುವುದಿಲ್ಲ. ಅವತ್ತಿನಿಂದ ಬೈಗುಳಕ್ಕೆ ಬರ ಬಾರದ ಹಾಗೆ ನಾನು ಎಚ್ಚರದಿಂದಿದ್ದೇನೆ. ಇವತ್ತು ಬೆಳಿಗ್ಗೆ ಒದ್ದೆ ಟವೆಲನ್ನು ಅವಳ ದಿಂಬಿನ ಮೇಲೆ ಹಾಕಿ, ಹಾಲಿನ ಪಾತ್ರೆಯನ್ನು ಮುಚ್ಚದೆ ಬೆಕ್ಕಿಗೆ ಬಿಟ್ಟು ಗುಡ್ಡ ಹತ್ತಿದೆ. ಟವೆಲು ತೊರೆಯವರೆಗೆ ಬಂತು. ಹಾಲು ಅವಳನ್ನು ಕರ್ಪೂರ ಮರಗಳ ನಡುವೆ ಏರಿಸಿ, ರಸ್ತೆ ಮುಟ್ಟಿಸಿತು.